ದೂಮಪ್ಪ ಮಾವ ಕೇಳುತ್ತಿದ್ದಾರೆ

ಸ್ಟಾಕ್‌ಪೋರ್ಟ್
14 ಜನವರಿ 2024

ಪ್ರೀತಿಯ ಇಂದು,

ಹೊಸ ವರ್ಷದಿಂದ ನಿನಗೆ ಫೋನ್ ಹತ್ತುತ್ತಲೇ ಇಲ್ಲ. ಒಂದು ಹೆಂಗಸಿನ ದನಿ ಅಲ್ಲಿಯ ಭಾಷೆಯಲ್ಲಿ ಏನೋ ಹೇಳುತ್ತದೆ, ಆಮೇಲೆ ಕಟ್. "ಅಮ್ಮಾ, ಅಲ್ಲಿ ಇಂಟರ್ನೆಟ್ಟೇ ಶಟ್ ಡೌನ್" ಎಂದಳು ಆಶ್ರಿತಾ. ಅಂಚೆ ಮಾತ್ರ ಹೋಗುತ್ತದಂತೆ. ಸರಿ, ಪೆನ್ನು ಹಿಡಿದು ಕೂತೆ. ಬೆರಳಿನ ಗಂಟು ನೋಯುತ್ತದೆ, ಅಕ್ಷರ ಸೊಟ್ಟ ಆದರೆ ನಗಬೇಡ.

ಇಲ್ಲಿಯ ಟೀವಿಯಲ್ಲಿ ನಿಮ್ಮಲ್ಲಿಯ ಗಲಾಟೆ ತೋರಿಸಿದರು. ನೀರಿಗಾಗಿ ಜನ ಬೀದಿಗೆ ಬಂದರು, ಸೇನೆ ಬಂತು, ಅಷ್ಟೇ. ಆಮೇಲೆ ಹವಾಮಾನ. ಹದಿನೆಂಟು ವರ್ಷ ಆ ಪಟ್ಟಣಕ್ಕೆ ನೀರು ಕೊಟ್ಟ ಎಂಜಿನಿಯರ್ ನೀನು, ನಿನಗೆ ಯಾರು ಎಂತ ಮಾಡಿಯಾರು ಎಂದು ಧೈರ್ಯ ತಂದುಕೊಳ್ಳುತ್ತೇನೆ. ಉಲ್ಲಾಸ್ ಹೇಗಿದ್ದಾನೆ? ಹರಿಪ್ರಿಯಾ ಹೋದ ಮೇಲೆ ನೀವು ಅಪ್ಪ ಮಗ ಇಬ್ಬರೇ. ಅವನಿಗೆ ಬಾಯಿ ಜಾಸ್ತಿ, ಮನೆಯೊಳಗೆ ಇರಲು ಹೇಳು.

ಪಕ್ಕದ ಮನೆಗೆ ಬಂದ ನಾದಿಯಾ ವಿಷಯ ಫೋನಿನಲ್ಲಿ ಹೇಳಿದ್ದೆನಲ್ಲ, ನಿಮ್ಮ ದೇಶದವಳೇ, ಅಲ್ಲಿ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವಳು? ಮೊನ್ನೆ ನಾನು ಬಂಗುಡೆ ಕಾಯಿಸುತ್ತಿದ್ದೆ. ಕಿಟಕಿ ತೆರೆದರೆ ನೆರೆಯವರು ಬೈಯುತ್ತಾರೆ ಎಂದು ಹೆದರಿಕೆ. ಬಾಗಿಲು ಬಡಿಯಿತು, ನೋಡಿದರೆ ಇವಳು. "ಕ್ಷಮಿಸಿ, ನನಗೆ ನಮ್ಮ ಬಂದರಿನ ವಾಸನೆ ಬಂತು" ಎಂದಳು, ಕಣ್ಣಲ್ಲಿ ನೀರು. ಕೂರಿಸಿ ಎರಡು ಮೀನು ತಿನ್ನಿಸಿದೆ. ಮುಳ್ಳು ಬಿಡಿಸುವುದು ಥೇಟ್ ನಮ್ಮ ಮೂಲ್ಕಿಯವರ ಹಾಗೆ.

ಎರಡು ಸಾಲಾದರೂ ಬರೆ.

ನಿನ್ನ ಅಕ್ಕ
ಶಕುಂತಲಾ


20 ಫೆಬ್ರವರಿ 2024

ಅಕ್ಕನಿಗೆ ನಮಸ್ಕಾರ.

ಪತ್ರ ತಲುಪಿತು. ನಾವು ಕ್ಷೇಮ. ಗಲಾಟೆ ಎಲ್ಲ ಮುಗಿದಿದೆ, ಟೀವಿಯವರು ದೊಡ್ಡದು ಮಾಡುತ್ತಾರೆ. ಉಲ್ಲಾಸನನ್ನು ಅವನ ಕಂಪನಿ ಗಡಿಯ ಕಡೆಯ ಕ್ಯಾಂಪಿಗೆ ಕಳಿಸಿದೆ. ಅಲ್ಲಿ ಅಂಚೆ ಇಲ್ಲ. ಕೆಲಸ ಮುಗಿದ ಮೇಲೆ ಬರುತ್ತಾನೆ.

ನಿನಗೆ ಪಕ್ಕದಲ್ಲಿ ಜೊತೆ ಸಿಕ್ಕಿದ್ದು ಸಂತೋಷ. ಪರದೇಶದಲ್ಲಿ ಒಂಟಿ ಹೆಂಗಸು, ನೋಡಿಕೋ. ಅವಳು ಈಗ ಏನು ಕೆಲಸ ಮಾಡುತ್ತಾಳೆ? ಅವಳ ಮನೆಯವರು ಯಾರಾದರೂ ಇಲ್ಲಿ ಇದ್ದಾರೆಯೇ? ಇದ್ದರೆ ನನ್ನಿಂದ ಏನಾದರೂ ಸಹಾಯ ಆಗಬಹುದು. ವಿವರವಾಗಿ ಬರೆ.

ಇಂದುಶೇಖರ


ಸ್ಟಾಕ್‌ಪೋರ್ಟ್
10 ಮಾರ್ಚ್ 2024

ಪ್ರೀತಿಯ ಇಂದು,

ನಿನ್ನ ಕೈಬರಹ ಕಂಡು ನನಗೆ ಆದ ಖುಷಿ! ಎಂಜಿನಿಯರಿಂಗ್ ಹಾಸ್ಟೆಲಿನಿಂದ ನೀನು ಬರೆಯುತ್ತಿದ್ದದ್ದು ಒಂದೇ ಸಾಲು: "ದುಡ್ಡು ಕಳಿಸಿ." ಈಗ ನೋಡು, ಅಕ್ಕನ ನೆರೆಮನೆಯವಳ ಕ್ಷೇಮವನ್ನೂ ಕೇಳುತ್ತೀಯ. ವಯಸ್ಸು ಮನುಷ್ಯನನ್ನು ಮೆತ್ತಗೆ ಮಾಡುತ್ತದೆ.

ನಾದಿಯಾ ಬೆಳಿಗ್ಗೆ ಒಂದು ಬೇಕರಿಯಲ್ಲಿ ದುಡಿಯುತ್ತಾಳೆ. ಸಂಜೆ ಮುಂದಿನ ಕೋಣೆಯಲ್ಲಿ ಕೂತು, ಕಂಪ್ಯೂಟರಿನ ಎದುರು ವಾರ್ತೆ ಓದುತ್ತಾಳೆ. ವಾರ್ತೆ ಎಂದರೆ ಹೆಸರುಗಳು. ಅಲ್ಲಿ ಯಾರನ್ನು ಕರೆದುಕೊಂಡು ಹೋದರು, ಯಾವ ಊರು, ಯಾರ ಮಗ, ಇಷ್ಟೇ. ನಮ್ಮ ಗೋಡೆ ತೆಳು, ನನಗೆ ಕೇಳಿಸುತ್ತದೆ. ಭಾಷೆ ತಿಳಿಯದಿದ್ದರೂ ಹೆಸರು ಹೆಸರೇ ತಾನೆ. ಒಂದೊಂದರ ನಂತರ ಸ್ವಲ್ಪ ನಿಲ್ಲಿಸುತ್ತಾಳೆ. ಆ ನಿಲುಗಡೆಯಲ್ಲಿ ನಾನೂ ಪಾತ್ರೆ ತೊಳೆಯುವುದನ್ನು ನಿಲ್ಲಿಸುತ್ತೇನೆ.

ಮನೆಯವರ ಬಗ್ಗೆ ಕೇಳಿದೆ. "ಯಾರೂ ಇಲ್ಲ" ಎಂದಳು. ಅಪ್ಪ ಅಮ್ಮ ತೀರಿದರು, ತಮ್ಮ ದೋಣಿಯಲ್ಲಿ ಮುಳುಗಿದ ಎಂದಳು. ಪಾಪ.

ಉಲ್ಲಾಸನಿಗೆ ಹೇಳು, ಅತ್ತೆಗೆ ಬರೆಯದಿದ್ದರೆ ಅವನು ಚಿಕ್ಕವನಿದ್ದಾಗ ಬಚ್ಚಲಲ್ಲಿ ಕುಣಿಯುತ್ತಿದ್ದ ಫೋಟೋ ಮದುವೆಯಲ್ಲಿ ಹಂಚುತ್ತೇನೆ ಎಂದು.

ನಿನ್ನ ಅಕ್ಕ


12 ಏಪ್ರಿಲ್ 2024

ಅಕ್ಕ,

ಉಲ್ಲಾಸ್ ಇನ್ನೂ ಕ್ಯಾಂಪಿನಲ್ಲಿದ್ದಾನೆ. ನಾನು ಚೆನ್ನಾಗಿದ್ದೇನೆ.

ನಿನಗೊಂದು ಸಂತೋಷದ ಸುದ್ದಿ. ಈಗ ದೂಮಪ್ಪ ಮಾವ ನನ್ನ ಜೊತೆಗೇ ಇದ್ದಾರೆ. ಅವರ ಹಳೆಯ ಅಭ್ಯಾಸ ಒಂದೂ ಹೋಗಿಲ್ಲ. ಅಂಚೆ ಬಂದರೆ ನನಗಿಂತ ಮೊದಲು ಅವರಿಗೇ ಬೇಕು. ನಿನ್ನ ಪತ್ರ ಅವರೇ ಮೊದಲು ಓದಿ ಆಮೇಲೆ ನನಗೆ ಕೊಡುತ್ತಾರೆ. ನಾನು ಬರೆದದ್ದನ್ನೂ ಓದುತ್ತಾರೆ. ಮಾವನ ಸ್ವಭಾವ ನಿನಗೆ ಗೊತ್ತೇ ಇದೆ.

ನಿನ್ನ ಕೈನೋವು ನನಗೆ ಚಿಂತೆ. ಅಷ್ಟುದ್ದ ಬರೆಯಬೇಕೆಂದಿಲ್ಲ. ಕ್ಷೇಮ ಎಂದು ಒಂದು ಸಾಲು ಸಾಕು, ಹಾಸ್ಟೆಲಿನಲ್ಲಿ ನಾನು ಬರೆಯುತ್ತಿದ್ದ ಹಾಗೆ.

ಇಂದುಶೇಖರ


ಸ್ಟಾಕ್‌ಪೋರ್ಟ್
2 ಮೇ 2024

ನನ್ನ ಇಂದು,

ನಿನ್ನ ಪತ್ರ ಓದಿ ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.

ದೂಮಪ್ಪ ಮಾವ ತೀರಿ ಇಪ್ಪತ್ತು ವರ್ಷದ ಮೇಲಾಯಿತು ಮಗಾ. ಚಟ್ಟಕ್ಕೆ ನೀನೇ ಹೆಗಲು ಕೊಟ್ಟಿದ್ದೆ. ಮಳೆಗೆ ಸೌದೆ ಹತ್ತದೆ ನೀನು ಸೀಮೆಎಣ್ಣೆ ತರಲು ಪೇಟೆಗೆ ಓಡಿದ್ದು ನೆನಪಿಲ್ಲವಾ?

ಆಶ್ರಿತಾ ಡಿಡ್ಸ್‌ಬರಿಯಿಂದ ಓಡಿ ಬಂದಳು. ಪತ್ರವನ್ನು ಓದಿ ಹೇಳು ಎಂದಳು, ಅವಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ. ಓದಿದೆ. ಡಾಕ್ಟರ್ ಮುಖ ಮಾಡಿಕೊಂಡಳು. "ಅಮ್ಮಾ, ಸತ್ತವರು ಜೊತೆಗಿದ್ದಾರೆ ಅನ್ನಿಸೋದು ಒಂದು ತರದ ಡಿಮೆನ್ಶಿಯಾ. ಇಂದುಮಾವನಿಗೆ ಸ್ಕ್ಯಾನ್ ಆಗ್ಬೇಕು. ಅಲ್ಲಿಯವರೆಗೆ ಎದುರು ಹೇಳ್ಬೇಡಿ, ಹೆದರ್ತಾರೆ" ಎಂದಳು. ನಾನು ಆಗಲೇ ಮೇಲೆ ಎದುರು ಹೇಳಿ ಆಯಿತು. ಆ ಸಾಲು ಹೊಡೆದು ಹಾಕಿದರೆ ನಿನಗೆ ಅನುಮಾನ ಬರುತ್ತದೆ ಎಂದು ಹಾಗೇ ಬಿಟ್ಟಿದ್ದೇನೆ. ಕ್ಷಮಿಸು.

ಸರಿ. ಮಾವನಿಗೆ ನನ್ನ ನಮಸ್ಕಾರ ಹೇಳು. ಅವರು ಓದಲಿ, ಅಡ್ಡಿಯಿಲ್ಲ. ನಾನು ಉದ್ದುದ್ದವೇ ಬರೆಯುತ್ತೇನೆ. ಆಪ್ತರ ಮಾತು ಮನಸ್ಸನ್ನು ಹಿಡಿದು ನಿಲ್ಲಿಸುತ್ತದಂತೆ, ಆಶ್ರಿತಾ ಹೇಳಿದಳು. ಕೈನೋವಿಗೆ ಗುಳಿಗೆ ಉಂಟು.

ಉಲ್ಲಾಸನನ್ನು ಕ್ಯಾಂಪಿನಿಂದ ಕರೆಸಿಕೋ. ಈ ಹೊತ್ತಲ್ಲಿ ಮಗ ಹತ್ತಿರ ಇರಬೇಕು. ನೀವಿಬ್ಬರೂ ಇಲ್ಲಿಗೆ ಬನ್ನಿ. ಹಿಂದಿನ ಕೋಣೆ ಖಾಲಿ ಉಂಟು.

ನಿನ್ನ ಅಕ್ಕ


3 ಜೂನ್ 2024

ಅಕ್ಕ,

ನಾನು ಹುಷಾರಾಗಿದ್ದೇನೆ. ತಲೆ ಸರಿಯಾಗಿದೆ.

ದೂಮಪ್ಪ ಮಾವ ಒಂದು ವಿಷಯ ಕೇಳುತ್ತಿದ್ದಾರೆ. ನಾನಲ್ಲ, ಅವರು ಕೇಳುವುದು. ನಿನ್ನ ನೆರೆಯವಳು ದಿನವೂ ಓದುವ ಹೆಸರುಗಳನ್ನು ಅವಳಿಗೆ ಇಲ್ಲಿಂದ ಯಾರು ಕಳಿಸುತ್ತಾರೆ ಎಂದು. ಅವರಿಗೆ ಎಲ್ಲದರಲ್ಲೂ ಕುತೂಹಲ. ನಮ್ಮ ಮೂಲ್ಕಿ ಮನೆಯಲ್ಲಿ ಮಾವ ಜಗಲಿಯಲ್ಲಿ ಕೂತು ಇಂಥದ್ದೇನಾದರೂ ಕೇಳಿದರೆ ಅಮ್ಮ ಏನು ಮಾಡುತ್ತಿದ್ದಳೋ ಹಾಗೆಯೇ ನೀನೂ ಮಾಡು. ಅಮ್ಮನನ್ನು ನೆನೆಸಿಕೊಂಡು ಉತ್ತರ ಬರೆ.

ಇಂದುಶೇಖರ


ಸ್ಟಾಕ್‌ಪೋರ್ಟ್
23 ಜೂನ್ 2024

ನನ್ನ ಇಂದು,

ಅಮ್ಮನನ್ನು ನೆನೆಸಿಕೊಂಡೇ ಬರೆಯುತ್ತಿದ್ದೇನೆ. ಮಾವ ಅವಳಿಗೆ ಒಬ್ಬನೇ ಅಣ್ಣ. ಕೇಳಿದ್ದಕ್ಕೆ ಇಲ್ಲ ಎಂದವಳಲ್ಲ. ಕಾಫಿ ಕೊಟ್ಟು, ಪಕ್ಕ ಕೂತು, ಮನೆಯ ಸುದ್ದಿ ಎಲ್ಲ ಹೇಳುತ್ತಿದ್ದಳು. ನಿನಗೂ ಅದು ನೆನಪಿದೆ ಎಂದರೆ ನಿನ್ನ ಮನಸ್ಸು ಇನ್ನೂ ಗಟ್ಟಿಯಿದೆ. ಆ ಸಾಲು ಓದಿ ಬಹಳ ಸಮಾಧಾನವಾಯಿತು.

ಮೊನ್ನೆ ನಾದಿಯಾ ಎದುರು ಅತ್ತುಬಿಟ್ಟೆ. ತಮ್ಮನಿಗೆ ಮರೆವಿನ ರೋಗ, ಅವನ ಮಗನೂ ಹತ್ತಿರ ಇಲ್ಲ, ಗಡಿ ದಾಟಿ ಹೋಗಲು ವೀಸಾ ಸಿಗುವುದಿಲ್ಲ ಎಂದೆ. ಅವಳು ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಹೇಳಿದಳು, "ನನಗೂ ಅಲ್ಲಿ ತಮ್ಮ ಇದ್ದಾನೆ ಶಕುಂತಲಾ." ಸತ್ತ ಎಂದಿದ್ದಳಲ್ಲ, ಸತ್ತಿಲ್ಲ. ಸಮಿ ಎಂದು ಹೆಸರು. ಬೇರೆ ಹೆಸರು ಇಟ್ಟುಕೊಂಡು, ಮೀನು ಬಂದರಿನ ಹಿಂದಿನ ಓಣಿಯಲ್ಲಿ ಹಲ್ಲಿನ ಸೆಟ್ ಮಾಡುವ ಅಂಗಡಿ ಇಟ್ಟಿದ್ದಾನಂತೆ, ನೀಲಿ ಬಾಗಿಲು. ಊರಿನ ಮುದುಕ ಮುದುಕಿಯರೆಲ್ಲ ಅವನಲ್ಲಿಗೇ ಬರುವುದು. ಬಾಯಿ ತೆರೆದವರು ಮಕ್ಕಳ ಸುದ್ದಿಯನ್ನೂ ಹೇಳುತ್ತಾರೆ. ಹೆಸರುಗಳು ಬರುವುದು ಅಲ್ಲಿಂದ.

ನನಗೆ ಥಟ್ಟನೆ ಹೊಳೆಯಿತು. ನಿನ್ನ ಕ್ವಾರ್ಟರ್ಸಿನಿಂದ ಬಂದರು ಎಷ್ಟು ದೂರ? ನೀನು ಅವನನ್ನು ಹೋಗಿ ನೋಡು. ಅವನಿಗೂ ಯಾರೂ ಇಲ್ಲ, ನಿನಗೂ ಯಾರೂ ಇಲ್ಲ. ಅಕ್ಕಂದಿರು ಇಲ್ಲಿ ಒಂದೇ ಗೋಡೆಯ ಆಚೆ ಈಚೆ ಇದ್ದೇವೆ, ತಮ್ಮಂದಿರು ಅಲ್ಲಿ ಒಬ್ಬರಿಗೊಬ್ಬರು ಆಗಬಾರದಾ? ಒಳ್ಳೆಯ ಹುಡುಗನಂತೆ, ಬೇಕಾದರೆ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾನು.

ನಾನು ಹೀಗೆ ಬರೆದದ್ದು ನಾದಿಯಾಗೆ ತಿಳಿಯದು. ನೀನು ಅವನನ್ನು ಕಂಡು ಬಂದ ಮೇಲೆ ಹೇಳಿ ಅವಳನ್ನು ಬೆರಗು ಮಾಡಬೇಕು.

ನಿನ್ನ ಅಕ್ಕ


15 ಜುಲೈ 2024

ಅಕ್ಕ,

ಉಲ್ಲಾಸ್ ಮನೆಗೆ ಬಂದ.

ಇನ್ನು ನನಗೆ ಬರೆಯಬೇಡ.

ಇಂದು


ಸ್ಟಾಕ್‌ಪೋರ್ಟ್
2 ಆಗಸ್ಟ್ 2024

ನನ್ನ ಇಂದು,

ಉಲ್ಲಾಸ್ ಬಂದನಲ್ಲ! ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ, ನಾದಿಯಾಗೂ ಪಾಯಸ ಕೊಟ್ಟೆ. "ನಿಮ್ಮ ಹುಡುಗ ಬಂದನಾ" ಎಂದು ನನ್ನನ್ನು ತಬ್ಬಿಕೊಂಡಳು.

ಬರೆಯಬೇಡ ಎಂದು ಬರೆದದ್ದು ನಿನ್ನ ಕಾಯಿಲೆ, ನೀನಲ್ಲ. ನಾನು ತಲೆಗೆ ಹಚ್ಚಿಕೊಂಡಿಲ್ಲ. ಸಮಿಯನ್ನು ನೋಡಿದೆಯಾ? ಉಲ್ಲಾಸನ ಕೈಯಲ್ಲಿ ಬರೆಸು.

ನಿನ್ನ ಅಕ್ಕ


ಸ್ಟಾಕ್‌ಪೋರ್ಟ್
21 ಆಗಸ್ಟ್ 2024

ಇಂದು,

ಇದನ್ನು ಯಾರು ಓದಿದರೂ ಓದಲಿ.

ಕಳೆದ ಗುರುವಾರ ಸಂಜೆ ನಾದಿಯಾ ಹೆಸರು ಓದುತ್ತಿದ್ದಳು. ನಾನು ಕುಕ್ಕರ್ ತೊಳೆಯುತ್ತಿದ್ದೆ. ಒಂದು ಹೆಸರಿನ ನಂತರ ನಿಲ್ಲಿಸಿದವಳು ಮುಂದಿನದನ್ನು ಓದಲೇ ಇಲ್ಲ. ನಾನು ನಲ್ಲಿ ನಿಲ್ಲಿಸಿ ಕಾದೆ. ಗೋಡೆಯಾಚೆ ಒಂದು ಶಬ್ದ ಬಂತು. ಅದು ಅಳುವಲ್ಲ. ಕರು ಸತ್ತ ದನ ಕೊಟ್ಟಿಗೆಯಲ್ಲಿ ಮಾಡುತ್ತದಲ್ಲ, ಅದು.

ಅವಳು ಕಡೆಗೆ ಓದಿದ ಹೆಸರು ಸಮಿ.

ಮರುದಿನ ನನ್ನ ಅಡುಗೆಮನೆಗೆ ಬಂದು ನಿಂತಳು. ಕೂರಲಿಲ್ಲ. "ಈ ಸಲ ಪಟ್ಟಿ ಬೇರೆಯವರು ಕಳಿಸಿದ್ದು. ಅವನ ಅಂಗಡಿಯ ವಿಷಯ ನನಗೆ ಬಿಟ್ಟರೆ ನಿಮಗೆ ಮಾತ್ರ ಗೊತ್ತಿತ್ತು. ಯಾರಿಗೆ ಹೇಳಿದಿರಿ?" ಎಂದು ಕೇಳಿದಳು. ಯಾರಿಗೂ ಹೇಳಿಲ್ಲ ಎಂದೆ. ನನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು ಎಂದು ನನಗೇ ಹೆದರಿಕೆಯಾಯಿತು. ಅವಳು ನನ್ನ ಮುಖ ನೋಡಿದಳು, ನಂಬಿದಳು. "ಕ್ಷಮಿಸಿ, ನಿಮ್ಮ ಮೇಲೆ ಅನುಮಾನ ಪಟ್ಟೆ" ಎಂದು ಹೇಳಿ ಹೋದಳು.

ಆಮೇಲೆ ನಾನು ನಿನ್ನ ಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಒಂದೊಂದಾಗಿ ಓದಿದೆ. ದೂಮಪ್ಪ ಮಾವ ನಮ್ಮ ಇನ್‌ಲ್ಯಾಂಡ್ ಪತ್ರಗಳನ್ನು ಒಲೆಯ ಹಬೆಗೆ ಹಿಡಿದು ಬಿಚ್ಚಿ ಓದಿ ಮತ್ತೆ ಅಂಟಿಸುತ್ತಿದ್ದದ್ದು ನನಗೆ ಈಗ ನೆನಪಾಯಿತು. ಈಗ.

ನಿನ್ನ ಜೊತೆ ಕೂತು ನನ್ನ ಪತ್ರ ಓದಿದವರು ಯಾರು ಇಂದು? ಉಲ್ಲಾಸ್ ಎಲ್ಲಿಂದ ಬಂದ?

ಶಕುಂತಲಾ


ಕಂಕನಾಡಿ, ಮಂಗಳೂರು
5 ಡಿಸೆಂಬರ್ 2024

ಅಕ್ಕ,

ನಿನ್ನ ಆಗಸ್ಟಿನ ಪತ್ರ ನನಗೆ ಕೊಟ್ಟರು. ಉತ್ತರಿಸಲು ಅಲ್ಲಿ ಆಗಲಿಲ್ಲ. ಹತ್ತು ದಿನದ ಹಿಂದೆ ನಮ್ಮಿಬ್ಬರನ್ನೂ ವಿಮಾನ ಹತ್ತಿಸಿದರು. ಬಾಡಿಗೆಗೆ ಎರಡು ಕೋಣೆ ಹಿಡಿದಿದ್ದೇನೆ. ನಿನ್ನ ನಂಬರ್ ಒತ್ತಿ ಒತ್ತಿ ಕಟ್ ಮಾಡಿದೆ. ದನಿ ಕೇಳಿದರೆ ಹೇಳಲಾಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಗಲಾಟೆ ಎದ್ದ ಬಡಾವಣೆಗೆ ನೀರು ನಿಲ್ಲಿಸಬೇಕು ಎಂದು ಮೇಲಿನಿಂದ ಆದೇಶ ಬಂತು. ವಾಲ್ವ್ ಮುಚ್ಚಿಸಿದವನು ನಾನು. ಉಲ್ಲಾಸ್ ಅದಕ್ಕೆ ನನ್ನ ಜೊತೆ ಜಗಳ ಆಡಿದ. "ಮಕ್ಕಳು ಚರಂಡಿ ನೀರು ಕುಡೀತಿದ್ದಾರೆ ಅಪ್ಪ, ನೀವು ಹೇಗೆ ಊಟ ಮಾಡ್ತೀರಿ?" ಎಂದ. ನಾನು ತಟ್ಟೆ ಬಿಟ್ಟು ಏಳಲಿಲ್ಲ. ಅವನೇ ಎದ್ದು ಹೋದ. ನೀರಿನ ಟ್ಯಾಂಕಿನ ಮೇಲೆ ಹತ್ತಿ, ಸೇನೆ ಜನರ ಮೇಲೆ ಗುಂಡು ಹಾರಿಸುವುದನ್ನು ಫೋನಿನಲ್ಲಿ ಹಿಡಿದ. ಎರಡು ದಿನದಲ್ಲಿ ಅವನನ್ನು ಕರೆದುಕೊಂಡು ಹೋದರು. ಕ್ಯಾಂಪ್ ಎಂದು ನಿನಗೆ ಬರೆದದ್ದು ಅದು.

ನಿನ್ನ ಮೊದಲ ಪತ್ರವನ್ನು ನಾನು ನೋಡಿದ್ದು ಭದ್ರತಾ ಇಲಾಖೆಯ ಕಚೇರಿಯಲ್ಲಿ, ಅಧಿಕಾರಿಯ ಮೇಜಿನ ಮೇಲೆ. ಅವನು ಒಮ್ಮೆಯೂ ದನಿ ಏರಿಸಿದವನಲ್ಲ. ಚಹಾ ತರಿಸಿದ. ಪಂಪುಗಳ ಬಗ್ಗೆ ವಿಚಾರಿಸಿದ. "ನಿಮ್ಮ ಅಕ್ಕ ಬಹಳ ಪ್ರೀತಿಯಿಂದ ಬರೆಯುತ್ತಾರೆ. ನೀವೂ ಹಾಗೆಯೇ ಬರೆಯಿರಿ. ನಿಮ್ಮ ಮಗ ಚೆನ್ನಾಗಿದ್ದಾನೆ" ಎಂದ. ಅವನ ಪಕ್ಕ ಕನ್ನಡ ಓದಿ ಹೇಳುವವನೊಬ್ಬ ಕೂತಿದ್ದ. ಮಾತಿನಲ್ಲಿ ನಮ್ಮ ಉಡುಪಿ ಕಡೆಯವನು. ಹೆಸರು ಹೇಳಲಿಲ್ಲ. ತುಳುವಿನಲ್ಲಿ ಬರೆಯೋಣ ಎಂದುಕೊಂಡಿದ್ದೆ, ಅವನಿಗೆ ತುಳುವೂ ಬರುತ್ತಿತ್ತು. ಅದಕ್ಕೇ ದೂಮಪ್ಪ ಮಾವನನ್ನು ಕರೆದೆ. ಯಾರಿವರು ಎಂದು ಅವನು ಕೇಳಿದ. ಊರಿನಿಂದ ಬಂದ ಮಾವ ಎಂದೆ. ನನ್ನ ಮನೆಯಲ್ಲಿ ಯಾರೂ ಇಲ್ಲ ಎಂದು ಅವನಿಗೆ ಗೊತ್ತಿರಲೇಬೇಕು. ಆದರೂ ಅಧಿಕಾರಿಗೆ ಹೇಳಲಿಲ್ಲ. ಮಾವ ತೀರಿದ್ದಾರೆ ಎಂದು ನೀನು ಬರೆದ ಸಾಲನ್ನೂ ಹೇಳದೆ ದಾಟಿ ಹೋದ.

ಮಾವ ಏನಾದರೂ ಕೇಳಿದರೆ ಅಮ್ಮ ಸುಳ್ಳು ಹೇಳುತ್ತಿದ್ದಳು ಅಕ್ಕ. ಕಾಫಿ ಕೊಟ್ಟು, ನಗುತ್ತಾ, ಒಂದೂ ನಿಜ ಹೇಳುತ್ತಿರಲಿಲ್ಲ. ನಾನು ಒಳಕೋಣೆಯಲ್ಲಿ ಓದುತ್ತಾ ಕೂತು ಕೇಳಿಸಿಕೊಳ್ಳುತ್ತಿದ್ದೆ. ನೀನು ಆಗಲೇ ಮದುವೆಯಾಗಿ ಹೋಗಿದ್ದೆ. ನಿನಗೆ ಬೇರೆ ಅಮ್ಮ ನೆನಪಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಾನು ಕೈಲಾದಷ್ಟು ಮಾಡಿದೆ ಅನ್ನಿಸೀತು. ಹಾಗಲ್ಲ.

ನಿನ್ನ ಜೂನಿನ ಪತ್ರ ಬಂದ ದಿನ ನನ್ನನ್ನು ಕರೆಸಿದರು. ಉಡುಪಿಯವನು ಒಂದೊಂದೇ ಸಾಲು ಕನ್ನಡದಲ್ಲಿ ಓದಿ, ಆಮೇಲೆ ಅವರ ಭಾಷೆಯಲ್ಲಿ ಹೇಳುತ್ತಿದ್ದ. ಮೀನು ಬಂದರಿನ ಹಿಂದಿನ ಓಣಿ ಎಂಬಲ್ಲಿಗೆ ಬಂದ. ಕನ್ನಡದಲ್ಲಿ ಓದಿದ, ನಿಂತ. ಮತ್ತೆ ತಲೆಯೆತ್ತಿ ನನ್ನನ್ನು ನೋಡಿದ. ಅಧಿಕಾರಿ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿದ್ದ. ನಾನು ತಲೆ ಅಲ್ಲಾಡಿಸಿದ್ದರೆ ಆ ಮನುಷ್ಯ ಅದೊಂದು ಸಾಲನ್ನು ದಾಟಿ ಹೋಗುತ್ತಿದ್ದ. ನನಗೆ ಅದು ಖಂಡಿತ ಗೊತ್ತು. ಅವನು ಅದಕ್ಕೇ ಕಾಯುತ್ತಿದ್ದ.

ನನ್ನ ಕಣ್ಣೆದುರು ಉಲ್ಲಾಸ್ ಬಂದ. ನಾನು ತಲೆ ತಗ್ಗಿಸಿದೆ.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಹೇಳಿದ.

ಎರಡು ವಾರದಲ್ಲಿ ಉಲ್ಲಾಸನನ್ನು ಮನೆ ಬಾಗಿಲಿಗೆ ತಂದು ಬಿಟ್ಟರು. ಎಡಗಿವಿ ಕೇಳುವುದಿಲ್ಲ. ಊಟ ಮಾಡುತ್ತಾನೆ, ಕ್ರಿಕೆಟ್ ನೋಡುತ್ತಾನೆ, ಓನರ್ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಅಲ್ಲಿಯದನ್ನು ಮಾತ್ರ ಬಾಯಿ ಬಿಡುವುದಿಲ್ಲ. ತಾನು ಹೇಗೆ ಹೊರಗೆ ಬಂದೆ ಎಂದು ಅವನಿಗೆ ಗೊತ್ತಿಲ್ಲ. ರಾಯಭಾರ ಕಚೇರಿ ಬಿಡಿಸಿತು ಎಂದಿದ್ದೇನೆ. ಹೇಳಬೇಕಾ ಅಕ್ಕ? ಹೇಳಿದರೆ ಅವನು ನನ್ನ ಜೊತೆ ಇರುತ್ತಾನಾ?

ನೀನು ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ಇಂದು


ಸ್ಟಾಕ್‌ಪೋರ್ಟ್
23 ಫೆಬ್ರವರಿ 2025

ಇಂದು,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ನೀನು ಫೋನ್ ಮಾಡಿದಾಗೆಲ್ಲ ನೋಡುತ್ತಾ ಕೂತಿದ್ದೆ, ಎತ್ತಲಿಲ್ಲ. ಏನು ಬರೆಯಬೇಕು ಎಂದು ತಿಳಿಯಲಿಲ್ಲ. ನಿನ್ನ ಮೇಲೆ ಸಿಟ್ಟು ಬಂದಾಗ ಉಲ್ಲಾಸನ ಮುಖ ಎದುರು ಬರುತ್ತದೆ. ಅವನು ಹುಟ್ಟಿದ ಮೂರು ತಿಂಗಳು ಎಣ್ಣೆ ಹಚ್ಚಿ ಮೀಯಿಸಿದ ಕೈ ಇದು. ಆ ಕುರ್ಚಿಯಲ್ಲಿ ನಾನು ಕೂತಿದ್ದರೆ ತಲೆ ಅಲ್ಲಾಡಿಸುತ್ತಿದ್ದೆನಾ? ಕೇಳಿಕೊಳ್ಳುತ್ತೇನೆ. ಉತ್ತರ ಬರುವ ಮೊದಲೇ ಎದ್ದು ಬೇರೆ ಕೆಲಸಕ್ಕೆ ಹೋಗುತ್ತೇನೆ.

ಕ್ರಿಸ್‌ಮಸ್ ಕಳೆದ ಮೇಲೆ ನಾದಿಯಾ ಮನೆಗೆ ಹೋದೆ. ಆಶ್ರಿತಾ ಬೇಡ ಎಂದಳು. "ಅಮ್ಮಾ, ಹೇಳಿ ಏನು ಪ್ರಯೋಜನ? ಅವರಿಗೆ ಇನ್ನೂ ನೋವಾಗುತ್ತೆ." ಆಗಸ್ಟಿನಿಂದ ಆ ಹೆಂಗಸು ನನ್ನ ಕೈಯ ಊಟ ತಿನ್ನುತ್ತಿದ್ದಾಳೆ, ಅದು ಇನ್ನು ಆಗುವುದಿಲ್ಲ ಎಂದೆ. ಹೋಗಿ ಎಲ್ಲ ಹೇಳಿದೆ. ಪತ್ರ ಬರೆದದ್ದು ನಾನು, ನಿನ್ನ ಕೈಗೆ ಸಿಗುವ ಮೊದಲೇ ಅವರು ಓದಿದ್ದು, ಅವತ್ತು ನಾನು ಅವಳೆದುರು ಸುಳ್ಳು ಹೇಳಿದ್ದು. ನೀನು ತಲೆ ತಗ್ಗಿಸಿದ್ದನ್ನೂ ಹೇಳಿದೆ. ಅದನ್ನು ಮುಚ್ಚಿಟ್ಟರೆ ಮತ್ತೆ ನಿನ್ನನ್ನೇ ಕಾಪಾಡಿದ ಹಾಗಾಗುತ್ತಿತ್ತು.

ಅವಳು ಕಿರುಚಲಿಲ್ಲ. "ನಿಮ್ಮ ತಮ್ಮನ ಮಗನಿಗೆ ಎಷ್ಟು ವಯಸ್ಸು?" ಎಂದು ಕೇಳಿದಳು. ಇಪ್ಪತ್ತನಾಲ್ಕು ಎಂದೆ. ಎದ್ದು ಹೋಗಿ ಬಾಗಿಲು ತೆರೆದು ಹಿಡಿದು ನಿಂತಳು. ನಾನು ಹೊರಗೆ ಬಂದೆ.

ಜನವರಿಯಲ್ಲಿ ಅವಳು ಲೀಡ್ಸ್‌ಗೆ ಮನೆ ಬದಲಿಸಿದಳು. ವ್ಯಾನಿಗೆ ಪೆಟ್ಟಿಗೆ ತುಂಬುವುದನ್ನು ಪರದೆಯ ಹಿಂದಿನಿಂದ ನೋಡಿದೆ, ಹೊರಗೆ ಹೋಗುವ ಮುಖ ನನಗೆಲ್ಲಿ? ಈಗ ಗೋಡೆಯಾಚೆ ಒಬ್ಬ ಹುಡುಗ ಇದ್ದಾನೆ, ಬರ್ಚ್‌ವುಡ್‌ನಲ್ಲಿ ಕೆಲಸ. ಏನೂ ಸದ್ದಿಲ್ಲ.

ನಿನ್ನೆ ನಾದಿಯಾ ಫೋನ್ ಮಾಡಿದಳು. ಹೇಗಿದ್ದೀರಿ ಎಂದು ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಮಿ ಬದುಕಿದ್ದಾನೆ, ಉಲ್ಲಾಸನನ್ನು ಇಟ್ಟಿದ್ದ ಅದೇ ಕಟ್ಟಡದಲ್ಲಿ ಇದ್ದಾನೆ ಎಂದು ಸುದ್ದಿ ಬಂದಿದೆಯಂತೆ. ಅಲ್ಲಿಂದ ಹೊರಗೆ ಬಂದವರು ಅವಳಿಗೆ ಗೊತ್ತಿದ್ದಂತೆ ಉಲ್ಲಾಸ್ ಒಬ್ಬನೇ. ಅವನಿಂದ ಒಂದು ಮಾತು ಕೇಳಿ ತಿಳಿಸಿ ಎಂದಳು. ಹೊಡೆಯುತ್ತಾರಾ, ಅನ್ನ ಕೊಡುತ್ತಾರಾ ಎಂದೆಲ್ಲ ಕೇಳುತ್ತಾಳೆ ಎಂದುಕೊಂಡೆ.

"ಒಳಗೆ ಕಿಟಕಿ ಇದೆಯಾ?" ಎಂದಳು. "ಸಮಿ ಚಿಕ್ಕವನಿದ್ದಾಗ ಕತ್ತಲೆ ಅಂದ್ರೆ ಉಸಿರು ಕಟ್ಟುತ್ತಿತ್ತು. ನನ್ನ ಪಕ್ಕದಲ್ಲೇ ಮಲಗ್ತಿದ್ದ."

ನಿನ್ನನ್ನು ಕ್ಷಮಿಸಿದೆ ಎಂದು ನಾನು ಬರೆಯಲಾರೆ. ಅದು ನನ್ನ ಹತ್ತಿರ ಇರುವಂಥದ್ದಲ್ಲ. ನನ್ನನ್ನೂ ಯಾರೂ ಕ್ಷಮಿಸಿಲ್ಲ. ಆದರೆ ನೀನು ಕೇಳಿದ್ದಕ್ಕೆ ಉತ್ತರ ಉಂಟು. ಉಲ್ಲಾಸನಿಗೆ ಹೇಳು. ಎಲ್ಲ ಹೇಳು, ಸಮಿಯ ಹೆಸರು ಹೇಳು. ಅವನು ಎದ್ದು ಹೋದರೆ ಹೋಗಲಿ. ಆಮೇಲೆ ಕಿಟಕಿಯ ವಿಷಯ ಕೇಳಿ ಬರೆ.

ಶಕುಂತಲಾ


ಕಂಕನಾಡಿ, ಮಂಗಳೂರು
30 ಮಾರ್ಚ್ 2025

ಅಕ್ಕ,

ಹೇಳಿದೆ. ಊಟದ ಹೊತ್ತು. ನಾನು ಮುಗಿಸುವವರೆಗೆ ಅವನು ಅನ್ನ ಕಲಸುತ್ತಲೇ ಇದ್ದ, ಬಾಯಿಗೆ ಇಡಲಿಲ್ಲ. ಕೈ ತೊಳೆದು ಹೊರಗೆ ಹೋದ. ನಾಲ್ಕು ದಿನ ಬರಲಿಲ್ಲ. ಬಸ್ ಸ್ಟ್ಯಾಂಡು, ಬೀಚು, ಆಸ್ಪತ್ರೆ, ಎಲ್ಲ ಕಡೆ ಹುಡುಕಿದೆ. ಐದನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಕೂತಿದ್ದ, ಗಡ್ಡ ಬಂದಿತ್ತು.

"ಅವರ ಅಕ್ಕ ಏನು ಕೇಳಿದ್ರು, ಮತ್ತೊಮ್ಮೆ ಹೇಳಿ" ಎಂದ. ಅಪ್ಪಾ ಎಂದು ಕರೆಯಲಿಲ್ಲ. ಕಿಟಕಿ ಉಂಟಾ ಎಂದು ಕೇಳಿದ್ದಾರೆ ಎಂದೆ.

"ಇಲ್ಲ" ಎಂದ.

ನಾನು ಅವನ ಬಲಗಿವಿಯ ಬದಿಗೆ ಕೂತೆ. ಕಿಟಕಿ ಉಂಟು ಎಂದು ಬರೆದುಬಿಡೋಣ, ಆ ಹೆಂಗಸಿಗೆ ಅಷ್ಟಾದರೂ ಸಮಾಧಾನ ಆಗಲಿ ಎಂದೆ. ಅವನು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. "ನೀವು ಇನ್ನು ಯಾರಿಗೂ ಏನೂ ಬರೀಬೇಡಿ. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೀರಿ" ಎಂದ. ಅಲ್ಲಿಂದ ಬಂದ ಮೇಲೆ ಅವನಿಗೆ ಪೆನ್ನು ಹಿಡಿಯಲಾಗುವುದಿಲ್ಲ. ಆದ್ದರಿಂದ ಬರೆಯುತ್ತಿರುವುದು ನಾನು, ಮಾತು ಅವನದು. ಇದನ್ನು ಹೀಗೆಯೇ ನಾದಿಯಾ ಅವರಿಗೆ ಓದಿ ಹೇಳು.

"ಕಿಟಕಿ ಇಲ್ಲ. ಬಲ್ಬ್ ಇದೆ, ಅವರಿಗೆ ಬೇಕಾದಾಗ ಹಾಕ್ತಾರೆ. ಬಾಗಿಲಿನ ಕೆಳಗೆ ಬೆರಳು ಹೋಗುವಷ್ಟು ಸಂದಿ ಇದೆ, ಅಲ್ಲಿಂದ ವರಾಂಡದ ಬೆಳಕು ಬರುತ್ತೆ. ಒಂದು ಕೋಣೆಯಲ್ಲಿ ಒಂಬತ್ತು ಜನ ಇದ್ವಿ. ಆ ಸಂದಿಯ ಹತ್ತಿರದ ಜಾಗವನ್ನು ಹೊಸದಾಗಿ ಬಂದವರಿಗೆ ಬಿಟ್ಟುಕೊಡ್ತೇವೆ. ಮೊದಲ ದಿನಗಳು ಎಲ್ಲರಿಗೂ ಕಷ್ಟ. ನನಗೂ ಬಿಟ್ಟುಕೊಟ್ಟಿದ್ರು. ನಿಮ್ಮ ತಮ್ಮನಿಗೂ ಬಿಟ್ಟುಕೊಟ್ಟಿರ್ತಾರೆ. ಕತ್ತಲೆ ಅಂದ್ರೆ ಭಯ ಅಂತ ಹೇಳಿದ್ರೆ ಅವನನ್ನು ಅಲ್ಲಿಂದ ಎಬ್ಬಿಸೋದಿಲ್ಲ. ಅವನು ಹೇಳಿರಲಿ ಅಂತ ಬೇಡ್ಕೊಳ್ತೇನೆ."

ಇಷ್ಟು ಹೇಳಿದ. ಮುಗಿಯಿತು ಎಂದು ನಾನು ಪೆನ್ನು ಮುಚ್ಚಿದೆ.

"ಮುಚ್ಚಬೇಡಿ. ಜೊತೆಗಿದ್ದವರ ಹೆಸರು ಬರ್ಕೊಳ್ಳಿ. ನಾದಿಯಾ ಅವರು ಓದ್ಲಿ" ಎಂದ.

ಎಂಟು ಹೆಸರು ಹೇಳಿದ. ಯಾವ ಊರು, ಯಾರ ಮಗ ಎಂದೂ ಹೇಳಿದ. ಒಂದೊಂದರ ನಂತರ ನಾನು ಬರೆದು ಮುಗಿಸುವವರೆಗೆ ಕಾದ. ಇದರ ಜೊತೆ ಇಟ್ಟಿದ್ದೇನೆ.

ಇಂದು